ಮುಖ ಬಿಟ್ಟು ಉಳಿದದ್ದೆಲ್ಲ

ಫೋಟೊ ಕೆಳಗಿಟ್ಟುಕೊಂಡು ಅದರ ಮೇಲೆ ಗೆರೆ ಎಳೆಯುವುದು ಕಳ್ಳತನ ಅನ್ನುವವರು ಒಂದು ಸಲ ನನ್ನ ಜಾಗದಲ್ಲಿ ಬಂದು ಕೂರಲಿ. ಇವತ್ತು ಸಂಜೆ ಕಥೆ ಬರುತ್ತದೆ, ನಾಡಿದ್ದು ಬೆಳಗ್ಗೆ ಅಷ್ಟೂ ಪುಟ ಮುಗಿದಿರಬೇಕು, ಕಥೆಯಲ್ಲಿ ಆನೆ ಇದೆ, ಕುದುರೆ ಇದೆ, ತುಂಬಿದ ಸಂತೆ ಇದೆ. ಹಾಗೆ ಕೂತು ಎದ್ದ ಮೇಲೆ ಕಳ್ಳತನದ ಮಾತಾಡಲಿ, ಕೇಳುತ್ತೇನೆ. ನಾನು ಟ್ರೇಸ್ ಮಾಡುತ್ತೇನೆ. ಮೊದಲಿಂದಲೂ ಮಾಡಿದ್ದೇನೆ, ಈಗಲೂ ಮಾಡುತ್ತೇನೆ. ಹೊಟ್ಟೆ ತುಂಬಿದವರಿಗೆ ಚಿತ್ರ ಬರೆಯುವುದು ಕಲೆ, ನಮ್ಮಂಥವರಿಗೆ ಕೆಲಸ.

ಗಂಡನ ಮನೆ ಬಿಟ್ಟು ಬಿ.ಜಿ. ಕೆರೆ ಹತ್ತಿರದ ನಮ್ಮ ಹಟ್ಟಿಗೆ ವಾಪಸು ಬಂದಾಗ ನನ್ನ ಹತ್ತಿರ ಇದ್ದದ್ದು ಕಲಿತಿದ್ದ ಒಂದಿಷ್ಟು ಡ್ರಾಯಿಂಗು, ಮೈತುಂಬ ಸಿಟ್ಟು. ಹೇಗೋ ಬೆಂಗಳೂರಿನ ಒಂದು ಮಕ್ಕಳ ಮಾಸಪತ್ರಿಕೆಗೆ ಚಿತ್ರಕಥೆ ಬರೆಯುವ ಕೆಲಸ ಸಿಕ್ಕಿತು. ಎರಡು ಇಟ್ಟಿಗೆ, ಅವುಗಳ ಮೇಲೆ ಕಿಟಕಿಯ ಹಳೇ ಗಾಜು, ಅಡಿಯಲ್ಲೊಂದು ಬಲ್ಬು. ಗಾಜಿನ ಮೇಲೆ ಫೋಟೊ, ಫೋಟೊ ಮೇಲೆ ಹಾಳೆ. ಫೋಟೊ ಪ್ರಿಂಟು ಹಾಕಿಸಬೇಕಾದರೆ ಚಳ್ಳಕೆರೆ ಬಸ್ಸು ಹತ್ತಬೇಕಿತ್ತು. ಆಮೇಲೆ ಟ್ಯಾಬ್ ಬಂತು. ಗಾಜು, ಇಟ್ಟಿಗೆ, ಬಲ್ಬು ಎಲ್ಲ ಒಂದೇ ಹಲಗೆಯೊಳಗೆ ಸೇರಿಕೊಂಡವು. ಕೆಲಸ ಮಾತ್ರ ಅದೇ ಇತ್ತು.

ಅಡ್ಡದಾರಿ ಅಂದರೆ ಟ್ರೇಸ್ ಒಂದೇ ಅಲ್ಲ. ಕೈ ಬರೆಯುವುದು ಕಷ್ಟವಾದರೆ ಸೆರಗಿನೊಳಗೆ ಸೇರಿಸು, ಪಾದ ಕಷ್ಟವಾದರೆ ಮುಂದೆ ಹುಲ್ಲು ಬೆಳೆಸು, ಸೈನ್ಯ ಬಂದರೆ ಧೂಳೆಬ್ಬಿಸಿ ನಾಲ್ಕು ಭರ್ಜಿ ತೋರಿಸು. ಬಲಕ್ಕೆ ನೋಡುವವನು ಎಡಕ್ಕೆ ನೋಡಬೇಕಾದರೆ ಹೊಸದಾಗಿ ಬರೆಯುವುದೇನೂ ಬೇಡ. ಒಂದು ಗುಂಡಿ ಒತ್ತಿದರೆ ಸಾಕು, ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಬಿಡುತ್ತದೆ. ಜಟಿಂಗ ರಾಮೇಶ್ವರ ಬೆಟ್ಟದ ಮೆಟ್ಟಿಲ ಹತ್ತಿರ ತೆಗೆದ ಬಂಡೆಗಳ ಫೋಟೊ ಒಂದು ನನ್ನ ಹತ್ತಿರ ಇದೆ. ಕಾಶಿ, ಕಾಶ್ಮೀರ, ರಾಕ್ಷಸರ ಲೋಕ ಎಲ್ಲವೂ ಅದೇ ಬಂಡೆಗಳ ಬುಡದಲ್ಲಿ ನಡೆದಿವೆ, ಒಂದು ಮಗುವೂ ಕೇಳಿಲ್ಲ. ಮುಖಗಳಂತೂ ಮೊದಲೇ ಮಾಡಿ ಡಬ್ಬಿಯಲ್ಲಿ ತುಂಬಿಟ್ಟ ಹಾಗೆ ಇಟ್ಟವು. ರಾಜನದೊಂದು, ಮುದುಕನದೊಂದು, ಕಳ್ಳನದೊಂದು, ಹುಡುಗಿಯದೊಂದು, ತಾಯಿಯದೊಂದು. ಮೀಸೆ ಬದಲಿಸು, ಪೇಟ ಬದಲಿಸು, ಮೈಮೇಲೆ ಕೂರಿಸು, ಮುಗೀತು.

ಕಷ್ಟ ಇದ್ದದ್ದು ಮೈಯದು. ಚಕ್ಕಳಮಕ್ಕಳ ಹಾಕಿ ಕೂತವನು, ಬಾವಿಗೆ ಬಗ್ಗಿ ನೋಡುವವನು, ತಲೆ ಮೇಲೆ ಹೊರೆ ಇಟ್ಟುಕೊಂಡು ಏಳುವವನು. ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಎಲ್ಲರೂ ಪ್ಯಾಂಟು ಹಾಕಿಕೊಂಡು ಕುರ್ಚಿ ಮೇಲೆ ಕೂತಿರುತ್ತಾರೆ. ನೆಲದ ಮೇಲೆ ಕೂತವರ ಫೋಟೊ ಬೇಕಾದರೆ ನೆಲದ ಮೇಲೆ ಕೂರುವವರು ಬೇಕು. ಅಪ್ಪ ಆಗಿನ್ನೂ ಕುರಿಗಳ ಹಿಂದೆ ಇದ್ದ. ಸುಗ್ಗಿ ಮುಗಿದ ಮೇಲೆ ದಾವಣಗೆರೆ ಕಡೆಯ ಗದ್ದೆ ಬಯಲಿಗೆ ಕುರಿ ಹೊಡೆದುಕೊಂಡು ಹೋದರೆ ಮಳೆ ಬಿದ್ದ ಮೇಲೆಯೇ ಮನೆ ಕಾಣುತ್ತಿದ್ದದ್ದು. ಮನೆಯಲ್ಲಿ ಕೈಗೆ ಸಿಗುತ್ತಿದ್ದವಳು ಅವ್ವ ಒಬ್ಬಳೇ.

"ನನ್ನ ಫೋಟೊ ಹಿಡಿದು ಏನ್ ಮಾಡ್ತೀಯೇ?" ಅಂತ ಮೊದಲ ದಿನ ಕೇಳಿದಳು.

"ನೀನು ರಾಜ ಆಗ್ಬೇಕು."

"ಮತ್ತೆ ರಾಣಿ ಯಾರು?"

"ಅವಳೂ ನೀನೇ."

"ಭಾಳ ಚೆನ್ನಾಗೈತೆ. ಇಬ್ಬರ ಕೆಲ್ಸ, ಒಬ್ಬಳ ಕೂಳು," ಅಂದಳು. ಅಂದವಳು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಎದ್ದು ಬಂದಳು. ಆದರೆ ಒಂದು ಕರಾರು ಹಾಕಿದಳು. "ಮಕ ಮಾತ್ರ ಬ್ಯಾಡ."

ಅವ್ವನ ಒಂದು ಕಣ್ಣಲ್ಲಿ ಹೂ ಬಿದ್ದಿತ್ತು. ಚಿಕ್ಕಂದಿನಲ್ಲಿ ಜಾಲಿ ಮುಳ್ಳು ಹೊಡೆದು, ಕಪ್ಪು ಗುಡ್ಡೆಯ ಮೇಲೆ ಜೋಳದ ಕಾಳಿನಷ್ಟು ಬಿಳಿ ಕೂತುಬಿಟ್ಟಿತ್ತು. ಅವಳ ತವರು ಆಂಧ್ರದ ಗಡಿಯಾಚೆ. ಹೆಣ್ಣು ನೋಡುವವರು ಬಂದಾಗಲೆಲ್ಲ ಅಲ್ಲಿನ ಹೆಂಗಸರು ಇವಳ ತಲೆ ತಗ್ಗಿಸಿ, ಸೆರಗು ಕಣ್ಣಿನ ತನಕ ಎಳೆದು ಕರೆತರುತ್ತಿದ್ದರಂತೆ. ಮದುವೆಯಾಗಿ, ನಾನು ಹುಟ್ಟಿ, ನನ್ನ ಮದುವೆಯಾಗಿ ಮುರಿದು ಬಿದ್ದರೂ ಆ ಸೆರಗು ಮೇಲೆ ಹೋಗಲಿಲ್ಲ. ಫೋಟೊ ಅಂದರೆ ಆ ಬಿಳಿ ಮಚ್ಚೆ ಶಾಶ್ವತವಾಗಿ ಉಳಿಯುತ್ತದೆ ಅನ್ನುವ ಭಯ. ನಾನು ಮೊಬೈಲು ಎತ್ತಿದರೆ ಮೊರ ಸಿಕ್ಕಿದರೆ ಮೊರ, ತಟ್ಟೆ ಸಿಕ್ಕಿದರೆ ತಟ್ಟೆ ಮುಖಕ್ಕೆ ಅಡ್ಡ ಹಿಡಿಯುತ್ತಿದ್ದಳು. ನನಗೂ ಅದರಿಂದ ನಷ್ಟವಿರಲಿಲ್ಲ, ಮುಖಗಳು ನನ್ನ ಹತ್ತಿರ ಇದ್ದವಲ್ಲ. ಕತ್ತಿನಿಂದ ಕೆಳಗೆ ಹಿಡಿದರೆ ಕೆಲಸ ಆಗುತ್ತಿತ್ತು. ಇಲ್ಲದಿದ್ದರೆ ಬೆನ್ನು. ಬೆನ್ನು ಕೊಡು ಅಂದರೆ ಅವಳಿಗೆ ಬೇಸರವೇ ಇರಲಿಲ್ಲ.

ಹಾಗೆ ಅವ್ವ ಎಷ್ಟೋ ರಾಜ್ಯ ಆಳಿದಳು. ಅಂಗಳದ ಒರಳುಕಲ್ಲು ಸಿಂಹಾಸನ, ಅಪ್ಪನ ಕಂಬಳಿ ಪೀತಾಂಬರ, ಮುದ್ದೆ ಕೋಲು ಕತ್ತಿ. ಒಂದು ಕಾಲು ಮಡಿಸಿ, ಇನ್ನೊಂದು ಇಳಿಬಿಟ್ಟು, ಮೊಣಕಾಲ ಮೇಲೆ ಮೊಣಕೈ ಊರಿ ಕೂರುತ್ತಿದ್ದಳು. "ರಾಜ ಹಿಂಗೆಲ್ಲ ಕೂರಲ್ಲವ್ವ" ಅಂದರೆ, "ಕೂರ್ತಾನೆ ಬಿಡೇ, ಅವನಿಗೇನು ಮೊಣಕಾಲು ನೋಯಲ್ವಾ?" ಅನ್ನುವಳು. ಹಾಗೇ ಬರೆದೆ. ಪತ್ರಿಕೆಯವರು ಸುಮ್ಮನೆ ಹಾಕಿದರು. ಕಳ್ಳನಾಗಿ ಗೋಡೆ ಹತ್ತಿದಳು, ಋಷಿಯಾಗಿ ಕೂತಳು, ಬೇಡನಾಗಿ ಬಿಲ್ಲು ಹಿಡಿದಳು. ಕೈ ಸೋತಾಗ ಅವಳ ತವರಿನ ಮಾತು ಬರುತ್ತಿತ್ತು, "ಚಾಲಮ್ಮ, ಇಂಕ ಚಾಲು." ಸಾಕಮ್ಮ, ಇನ್ನು ಸಾಕು. ನಾನು ಇನ್ನೊಂದು ತೆಗೆಯದೆ ಬಿಡುತ್ತಿರಲಿಲ್ಲ.

ಒಂದೇ ಒಂದು ಸಲ ಅಪ್ಪ ಸಿಟ್ಟಾದ. ಯುದ್ಧದ ಕಥೆ. ಸತ್ತ ಸೈನಿಕ ಬೇಕಿತ್ತು. ಅವ್ವ ಅಂಗಳದಲ್ಲಿ ಸೆರಗು ಮುಖಕ್ಕೆ ಎಳೆದುಕೊಂಡು ಕೈ ಚೆಲ್ಲಿ ಮಲಗಿದ್ದಳು. ಅದೇ ಹೊತ್ತಿಗೆ ಊರಿಗೆ ಬಂದ ಅಪ್ಪ ಬೇಲಿ ಬಾಗಿಲಲ್ಲಿ ನಿಂತುಬಿಟ್ಟ, ಕೈಯಲ್ಲಿದ್ದ ಕೋಲು ಬಿತ್ತು. ಆಮೇಲೆ ವಿಷಯ ತಿಳಿದು ನನ್ನ ಕಡೆ ತಿರುಗಿ, "ಚಿತ್ರಕ್ಕೂ ಒಂದು ಮಿತಿ ಐತೆ ಕಣವ್ವ," ಅಂದ. ಅವ್ವ ಧೂಳು ಕೊಡವಿಕೊಂಡು ಎದ್ದು, ಅವನಿಗೆ ನೀರು ಕೊಡಲು ಒಳಗೆ ಹೋದಳು. ನಗು ತಡೆಯೋಕೆ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಅಲ್ಲಿಂದ ಮುಂದೆ ನನ್ನ ಯುದ್ಧಗಳಲ್ಲಿ ಸತ್ತವರೆಲ್ಲ ಗುರಾಣಿಯ ಅಡಿಯಲ್ಲಿ ಸತ್ತರು.

ಟ್ರೇಸ್ ಮುಗಿದ ಮೇಲೆ ಫೋಟೊ ಅಳಿಸುತ್ತಿದ್ದೆ. ಮೊಬೈಲಿನಲ್ಲಿ ಜಾಗ ಇರುತ್ತಿರಲಿಲ್ಲ. ಮನೆ ಕಟ್ಟಿ ಮುಗಿದ ಮೇಲೆ ಸಾರವೆ ಕಟ್ಟಿಗೆ ಬಿಚ್ಚುವುದಿಲ್ಲವೇ, ಹಾಗೆ. ಅದರಲ್ಲಿ ತಪ್ಪೇನೂ ಇರಲಿಲ್ಲ, ಈಗಲೂ ಹೊಸ ಫೋಟೊಗಳನ್ನು ಅಳಿಸುತ್ತೇನೆ.

ಈ ಯುಗಾದಿ ಕಳೆದ ಮೇಲೆ ಅವ್ವ ಹೋದಳು. ಬೆಳಗ್ಗೆ ಎದೆ ಹಿಡಿದುಕೊಂಡಿದೆ ಅಂದಳು, ಚಳ್ಳಕೆರೆ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತು. ಹೊಲದ ಬದುವಿನಲ್ಲಿ ಮಣ್ಣು ಮಾಡಿದೆವು. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯುವ ಶಕ್ತಿ ನನಗಿಲ್ಲ. ಅಪ್ಪ ಅಷ್ಟರಲ್ಲಿ ಮಂಡಿ ನೋವಿನಿಂದ ಕುರಿ ಮಾರಿ ಮನೆಯಲ್ಲೇ ಇದ್ದ. ಅವಳ ಜೊತೆ ಒಂದು ಸೂರಿನಡಿ ಪೂರ್ತಿ ವರ್ಷ ಕಳೆಯುವ ಯೋಗ ಅವನಿಗೆ ಬಂದದ್ದೇ ಕೊನೆಗೆ. ಆಗ ಅವನ ಕಣ್ಣಿಗೆ ಪೊರೆ ಬಂದಿತ್ತು. ಅವಳು ಹೋದ ಮೇಲೆ ಆಪರೇಷನ್ ಮಾಡಿಸಿದೆವು.

ಮಹಾಲಯ ಅಮಾವಾಸ್ಯೆಗೆ ನಮ್ಮ ಕಡೆ ಹಿರಿಯರ ಹಬ್ಬ. ಮುಂಚೆ ಒಂದು ಮಣೆ, ಕಳಸ, ಹೋದವರ ಹೆಸರಲ್ಲಿ ಮಡಿಸಿಟ್ಟ ಹೊಸ ಬಟ್ಟೆ ಇಷ್ಟೇ ಇರುತ್ತಿತ್ತು. ಈಗ ಎಲ್ಲರ ಮನೆಯಲ್ಲೂ ಫೋಟೊ ಬಂದಿದೆ. ದೊಡ್ಡ ಗಾಜಿನ ಕಟ್ಟು, ಪ್ಲಾಸ್ಟಿಕ್ ಹಾರ, ಸುತ್ತ ಮಿಣಿಮಿಣಿ ಲೈಟು. ಹಬ್ಬ ಹತ್ತಿರ ಬರುತ್ತಿದ್ದ ಹಾಗೆ ಅಪ್ಪ ಒಂದು ದಿನ ನಾನು ಕೆಲಸ ಮಾಡುತ್ತಿದ್ದಲ್ಲಿಗೆ ಬಂದು ಕಂಬಕ್ಕೆ ಒರಗಿ ಕೂತ.

"ನಿಮ್ಮವ್ವಂದು ಒಂದು ಫೋಟೊ ಮಾಡಿಸವ್ವ. ಈ ಸಲ ಎಡೆ ಇಡೋ ಹೊತ್ತಿಗೆ ಗೋಡೆ ಮೇಲೆ ಇರ್ಲಿ."

ಅಪ್ಪ ನನ್ನನ್ನು ಏನನ್ನೂ ಕೇಳಿದವನಲ್ಲ. ಗಂಡನ ಮನೆ ಯಾಕೆ ಬಿಟ್ಟೆ ಅಂತಲೂ ಕೇಳಲಿಲ್ಲ. ಅವನು ಬಾಯಿಬಿಟ್ಟು ಕೇಳಿದ್ದು ಇದೊಂದೇ. ಆಯ್ತು ಅಂದೆ.

ಹುಡುಕಿದೆ. ಅವರ ಮದುವೆಯಲ್ಲಿ ಫೋಟೊ ತೆಗೆಯುವವರು ಇರಲಿಲ್ಲ. ನನ್ನ ಮದುವೆ ಆಲ್ಬಮ್ಮಿನಲ್ಲಿ ಅವ್ವ ಇದ್ದಾಳೆ, ತಲೆ ತಗ್ಗಿಸಿಕೊಂಡು, ಯಾರದೋ ಭುಜದ ಹಿಂದೆ. ಆ ಆಲ್ಬಮ್ ಆ ಮನೆಯಲ್ಲೇ ಉಳಿಯಿತು, ಉಳಿಯಲಿ. ನೆಂಟರ ಮೊಬೈಲುಗಳಲ್ಲಿ ಸಿಕ್ಕಿದ್ದೆಲ್ಲ ಸೆರಗು. ಅವಳನ್ನು ಗೋಡೆಗೆ ಒರಗಿಸಿ ಕೂರಿಸಿದ ದಿನ ಯಾರೋ ತೆಗೆದದ್ದೊಂದು ಇತ್ತು, ದವಡೆಗೆ ಬಟ್ಟೆ ಕಟ್ಟಿದ್ದು, ಕಣ್ಣು ಮುಚ್ಚಿದ್ದು. ಅದನ್ನು ಯಾರು ಗೋಡೆಗೆ ಹಾಕುತ್ತಾರೆ? ಉಳಿದದ್ದು ಆಧಾರ್ ಕಾರ್ಡು. ಎಲೆಅಡಿಕೆ ಚೀಲದಲ್ಲಿ ವರ್ಷಗಟ್ಟಲೆ ಇಟ್ಟುಕೊಂಡು ಓಡಾಡಿ, ಒಳಗೆ ನೀರಿಳಿದು, ಮುಖದ ಜಾಗ ಪೂರ್ತಿ ಬಿಳಿಚಿತ್ತು. ಹಣೆ ಯಾವುದು, ಕೆನ್ನೆ ಯಾವುದು ಅಷ್ಟು ಗೊತ್ತಾಗುತ್ತಿತ್ತು. ಇನ್ನೊಂದು ಪ್ರತಿ ತೆಗೆಸೋಣ ಅಂದರೆ ಅದಕ್ಕೆ ಅವಳು ಮೊಬೈಲ್ ನಂಬರು ಜೋಡಿಸಿರಲಿಲ್ಲ, ಬೆರಳೊತ್ತಲು ಅವಳೇ ಇರಲಿಲ್ಲ.

ಅದನ್ನೇ ಹಿಡಿದುಕೊಂಡು ಚಳ್ಳಕೆರೆಯ ಒಂದು ಸ್ಟುಡಿಯೊಗೆ ಹೋದೆ. "ಫಿಕರ್ ಬ್ಯಾಡಕ್ಕ, ಇದಕ್ಕಿಂತ ಖರಾಬ್ ಇದ್ದಿದ್ದೂ ಮಾಡಿ ಕೊಟ್ಟಿದ್ದೀನಿ," ಅಂದ ಅಲ್ಲಿನವನು. ಅವನ ಕಂಪ್ಯೂಟರಿನಲ್ಲಿ ತಲೆ ಇಲ್ಲದ ಹೆಂಗಸರು ಸಾಲಾಗಿ ಕೂತಿದ್ದರು. ಮೊಳಕಾಲ್ಮೂರು ರೇಷ್ಮೆ ಸೀರೆ, ಕೊರಳಲ್ಲಿ ಸರ, ಕೈ ತುಂಬ ಬಳೆ. "ಯಾವ ಕಲರ್ ಹಾಕ್ಲಿ?" ಅಂತ ಕೇಳಿದ. ಅವ್ವ ಮೊಳಕಾಲ್ಮೂರಿಗೆ ಎಷ್ಟೋ ಸಲ ಹೋಗಿ ಬಂದಿದ್ದಾಳೆ, ಆ ಸೀರೆ ಒಂದು ದಿನ ಉಟ್ಟವಳಲ್ಲ. ಅವನನ್ನು ಬೈಯೋಣ ಅನಿಸಿತು. ಯಾವ ಬಾಯಲ್ಲಿ ಬೈಯಲಿ? ಅವನ ಹತ್ತಿರ ಮೈ ರೆಡಿ, ತಲೆ ಹೊರಗಿನಿಂದ ಬರಬೇಕು. ನನ್ನ ಹತ್ತಿರ ತಲೆ ರೆಡಿ, ಮೈ ಹೊರಗಿನಿಂದ ಬರಬೇಕು. ಹಸಿರು ಹಾಕಿ ಅಂದೆ.

ಮನೆಗೆ ತಂದು ಕಾಗದ ಬಿಚ್ಚಿದರೆ ಅಪ್ಪ ಹೊಸ ಕಣ್ಣಿನಲ್ಲಿ ಬಹಳ ಹೊತ್ತು ನೋಡಿದ. ಬೆಳ್ಳಗಿನ ಹೆಂಗಸು. ಎರಡೂ ಕಣ್ಣು ಗಾಜಿನ ಹಾಗೆ ಶುಭ್ರ.

"ಯಾರವ್ವ ಇವರು?" ಅಂದ. ಬಹುವಚನ ಬಳಸಿದ.

ಆ ಕಟ್ಟನ್ನು ಅಟ್ಟಕ್ಕೆ ಹಾಕಿದೆ.

ಸಿಟ್ಟಿನಲ್ಲಿ ಟ್ರಂಕಿನಿಂದ ಹಳೇ ಪತ್ರಿಕೆಗಳನ್ನೆಲ್ಲ ತೆಗೆದು ಅವನ ಮುಂದೆ ಸುರಿದೆ. "ನೋಡು, ಇದರಲ್ಲೆಲ್ಲ ಅವ್ವನೇ ಇರೋದು. ಇಷ್ಟು ಯಾರ ಮನೇಲಿ ಐತೆ?" ಅಪ್ಪನಿಗೆ ಓದಲು ಬರುವುದಿಲ್ಲ, ಆ ಪುಸ್ತಕಗಳನ್ನು ಅವನು ಹಿಂದೆ ಮುಟ್ಟಿರಲೂ ಇಲ್ಲ. ಪುಟ ತಿರುವುತ್ತ ಹೋದವನು ಒಂದು ಕಡೆ ನಿಂತ. ಬಾವಿಗೆ ಬಗ್ಗಿದ ಕಳ್ಳ. "ಇದು ಅವಳೇ. ಸೊಂಟ ನೋಡು, ಹಿಂಗೇ ಬಗ್ಗೋಳು." ಮುಂದಿನ ಪುಟದಲ್ಲಿ ಹೊರೆ ಹೊತ್ತ ಸೌದೆಯವನು. "ಇದೂ ಅವಳೇ." ಬರಬರುತ್ತ ನನಗಿಂತ ಮುಂಚೆ ಅವನೇ ಗುರುತು ಹಿಡಿಯತೊಡಗಿದ. ಋಷಿಯ ಪಾದ, ಬೇಡನ ಹೆಗಲು. ಅವನ ಮುಖದಲ್ಲಿ ಅಂಥ ಸಂತೋಷ ನಾನು ನೋಡಿರಲಿಲ್ಲ, ನನಗೆ ಅಳು ಬಂತು.

ಆಮೇಲೆ ಒಂದು ಪೂರ್ತಿ ಪುಟದ ಚಿತ್ರ ಬಂತು. ಸಿಂಹಾಸನದ ಮೇಲೆ ಒಂದು ಕಾಲು ಇಳಿಬಿಟ್ಟು ಕೂತ ರಾಜ. ಅಪ್ಪ ಹೆಬ್ಬೆರಳನ್ನು ರಾಜನ ಮೀಸೆ ಮುಖದ ಮೇಲೆ ಇಟ್ಟು ಮುಚ್ಚಿದ. ಮುಚ್ಚಿಕೊಂಡೇ ನೋಡಿದ.

"ಈ ಜಾಗದಲ್ಲಿ ಅವಳ ಮಕ ಬರಿ. ಹಂಗೇ ಸಾಕು, ಇದನ್ನೇ ಗೋಡೆಗೆ ಹಾಕಾನ."

ಎಷ್ಟು ಸುಲಭದ ಮಾತು. ನಾನು ಮಗಳು, ಚಿತ್ರ ಬರೆಯುವುದೇ ಕಸುಬು, ಅವಳ ಜೊತೆ ಒಂದೇ ಒಲೆ ಮುಂದೆ ಬದುಕಿದವಳು. ಟ್ಯಾಬ್ ತೆಗೆದುಕೊಂಡು ಕೂತೆ. ಕೆಳಗೆ ಇಟ್ಟುಕೊಳ್ಳಲು ಏನೂ ಇಲ್ಲದೆ ನಾನು ಗೆರೆ ಎಳೆದು ಎಷ್ಟು ಕಾಲವಾಗಿತ್ತೋ. ಮೊದಲ ಮುಖ ಬಂತು, ನೋಡಿದರೆ ಅದು ನನ್ನ ಡಬ್ಬಿಯ ತಾಯಿ. ಎಲ್ಲ ಕಥೆಗಳಲ್ಲೂ ಮಗನಿಗೆ ಬುತ್ತಿ ಕಟ್ಟಿ ಕೊಡುವ, ದುಂಡು ಕೆನ್ನೆಯ, ದೊಡ್ಡ ಕುಂಕುಮದ ತಾಯಿ. ಅಳಿಸಿದೆ. ಎರಡನೆಯದೂ ಅವಳೇ. ಕೆನ್ನೆ ಒಳಗೆ ಎಳೆದೆ, ಹಣೆ ಕುಗ್ಗಿಸಿದೆ, ಸುಕ್ಕು ಹಾಕಿದೆ, ಅದೇ ತಾಯಿಗೆ ವಯಸ್ಸಾಯಿತು ಅಷ್ಟೇ. ಕಣ್ಣು ಮುಚ್ಚಿದರೆ ಅವ್ವ ಮಾತಾಡುವುದು ಕೇಳುತ್ತಿತ್ತು, ಒಲೆ ಊದುವ ಬೆನ್ನು ಕಾಣುತ್ತಿತ್ತು. ಈ ಕಡೆ ತಿರುಗು ಅಂದರೆ ಡಬ್ಬಿಯವಳು ತಿರುಗುತ್ತಿದ್ದಳು. ಹೋಗಲಿ, ಕಣ್ಣಿನ ಹೂ ಹಾಕಿದರಾದರೂ ಅವಳಾಗಬಹುದು ಅಂತ ಎಡಗಣ್ಣಿನ ಗುಡ್ಡೆ ಮೇಲೆ ಬಿಳಿ ಚುಕ್ಕಿ ಇಟ್ಟು ಅಪ್ಪನಿಗೆ ತೋರಿಸಿದೆ.

"ಹೂ ಆ ಕಡೆ ಅಲ್ವಾ?" ಅಂದ ಅಪ್ಪ.

"ಯಾವ ಕಡೆ?"

"ಬಲಗಡೆ."

ಗುಂಡಿ ಒತ್ತಿದೆ, ಮುಖ ತಿರುಗಿತು. ಅಪ್ಪ ನೋಡಿದ, ತಲೆ ಅಲ್ಲಾಡಿಸಿದ. "ಇದೂ ಸರಿ ಕಾಣ್ತಿಲ್ಲ. ಮೊದ್ಲಿಂದೇ ತೋರ್ಸು." ತೋರಿಸಿದೆ. "ಮತ್ತೆ ತಿರುಗ್ಸು." ತಿರುಗಿಸಿದೆ. ಅಷ್ಟು ಹೊತ್ತಿಗೆ ನನ್ನ ತಲೆಯೂ ಕೆಟ್ಟಿತ್ತು. ಎಡಗಣ್ಣು ಅಂತ ನಾನು ಯಾವ ಧೈರ್ಯದ ಮೇಲೆ ಹಾಕಿದ್ದೆ? ಅವಳ ಪಕ್ಕದಲ್ಲಿ ಕೂತು ರೊಟ್ಟಿ ತಟ್ಟಿದ್ದೇನೆ, ಎದುರಿಗೆ ಕೂತು ನೋಡಿದ್ದು ಯಾವಾಗ? ಮೇಲಾಗಿ ಬೆಳಗಿನಿಂದ ಸಂಜೆ ತನಕ ಎಡವನ್ನು ಬಲ, ಬಲವನ್ನು ಎಡ ಮಾಡುತ್ತ ಕೂರುವವಳು ನಾನು. ಹಟ್ಟಿಯ ಹೆಂಗಸರನ್ನು ಕೇಳಿ ಬಂದೆ. ಒಬ್ಬರು ಎಡ ಅಂದರು, ಒಬ್ಬರು ಬಲ ಅಂದರು. ಇನ್ನೊಬ್ಬರು, "ಅವಳು ತಲೆ ಎತ್ತಿದ್ದು ಯಾವಾಗಮ್ಮ, ನಾವು ನೋಡೋಕೆ?" ಅಂದರು.

ವಾಪಸು ಬಂದರೆ ಅಪ್ಪ ಅದೇ ಕಂಬಕ್ಕೆ ಒರಗಿ ಕೂತಿದ್ದ. ರೇಗಿಬಿಟ್ಟೆ. "ನೀನು ಕಟ್ಕೊಂಡ ಹೆಂಡ್ತಿ. ಯಾವ ಕಣ್ಣು ಅಂತ ನಿಂಗೆ ಗೊತ್ತಿಲ್ಲ ಅಂದ್ರೆ ನಾನೇನು ಮಾಡ್ಲಿ?"

ಅಪ್ಪ ಟ್ಯಾಬನ್ನು ನನ್ನ ಕಡೆ ಸರಿಸಿದ.

"ನೆಪ್ಪು ಬರ್ತಿಲ್ಲ ಕಣವ್ವ," ಅಂದ. "ಕುರಿ ಹಿಂದೆ ಹೋದೋನು ಮನೇಲಿ ಇದ್ದಿದ್ದೆಷ್ಟು ದಿನ? ಬಂದಾಗ ಅವಳು ಸೆರಗು ಹೊದ್ದು ಬಡಿಸೋಳು, ನಾನು ತಟ್ಟೆ ನೋಡ್ಕೊಂಡು ಉಣ್ಣೋನು. ಮನೇಲಿ ಕೂತೆ ಅನ್ನೋವಾಗ ಕಣ್ಣಿಗೆ ಪೊರೆ. ಈಗ ಕಣ್ಣು ಕಾಣ್ತದೆ, ಅವಳಿಲ್ಲ. ಗೋಡೆಗೆ ಹಾಕೋಕೆ ಅಂತ ಕೇಳಲಿಲ್ಲ ನಾನು. ನೀನು ಬರೆದ್ರೆ ನೋಡ್ಬಹುದು ಅಂದ್ಕೊಂಡಿದ್ದೆ."

ಟ್ಯಾಬ್ ಆರಿಸಿಟ್ಟೆ.

ಹಬ್ಬದ ದಿನ ಗೋಡೆ ಬರಿದೇ ಇತ್ತು. ಮಣೆ ಹಾಕಿ, ಕಳಸ ಇಟ್ಟು, ಒಂದು ನೂಲಿನ ಸೀರೆ ಮಡಿಸಿಟ್ಟೆ. ಅವ್ವನಿಗೆ ಇಷ್ಟವಾದ ಕಾಳು ಸಾರು, ಮುದ್ದೆ, ಶೇಂಗಾ ಉಂಡೆ, ಎಲೆಅಡಿಕೆ ಎಲ್ಲ ಬಡಿಸಿದೆ. ಎಡೆ ಇಟ್ಟ ಮೇಲೆ ಮನೆಯವರೆಲ್ಲ ಹೊರಗೆ ಬಂದು ಬಾಗಿಲು ಹಾಕಿಕೊಳ್ಳಬೇಕು. ಹೋದವರು ಬಂದು ನೆಮ್ಮದಿಯಾಗಿ ಉಣ್ಣಬೇಕಲ್ಲ, ಬದುಕಿದವರು ನೋಡುತ್ತ ನಿಂತರೆ ಅವರು ಬರುವುದಿಲ್ಲ ಅನ್ನುತ್ತಾರೆ. ಆಮೇಲೆ ಒಳಗೆ ಹೋಗುವ ಮುಂಚೆ ಕೆಮ್ಮಿ ಸದ್ದು ಮಾಡಬೇಕು. ನಮ್ಮನೆಯವರೆಲ್ಲ ಅಂದರೆ ನಾವಿಬ್ಬರೇ. ಜಗಲಿ ಮೇಲೆ ಕೂತೆವು. ಬಿಸಿಲು ಜೋರಿತ್ತು, ಪಕ್ಕದ ಮನೆಯವರ ಮಿಣಿಮಿಣಿ ಲೈಟು ಹಗಲಲ್ಲೂ ಉರಿಯುತ್ತಿತ್ತು.

"ಈಗ ಬಂದು ಕೂತಿರ್ತಾಳೆ ಅಲ್ವಾ?" ಅಂದ ಅಪ್ಪ.

"ಹೂಂ."

"ಬಾಗ್ಲು ತೆಗೆದು ನೋಡಿದ್ರೆ ನಂಗೆ ಗುರ್ತು ಸಿಗ್ತಾಳಾ?"

ಸುಳ್ಳು ಹೇಳಬಹುದಿತ್ತು.

"ಬೆನ್ನು ಮಾಡಿ ಕೂತಿದ್ರೆ ಸಿಗ್ತಾಳೆ," ಅಂದೆ. "ನಿಂಗೂ ಸಿಗ್ತಾಳೆ, ನಂಗೂ ಸಿಗ್ತಾಳೆ."

ಅಪ್ಪ ತಲೆದೂಗಿದ. ಇನ್ನೂ ಸ್ವಲ್ಪ ಹೊತ್ತು ಕೂತಿದ್ದು, ಮಂಡಿ ಹಿಡಿದುಕೊಂಡು ಎದ್ದು, ಬಾಗಿಲ ಹತ್ತಿರ ಹೋಗಿ ಜೋರಾಗಿ ಕೆಮ್ಮಿದ. ಒಂದು ಸಲ ಸಾಲದು ಅನ್ನಿಸಿರಬೇಕು, ಮತ್ತೊಂದು ಸಲ ಕೆಮ್ಮಿದ. ಆಮೇಲೆ ಅವಳಿಗೆ ಸೆರಗು ಎಳೆದುಕೊಳ್ಳಲು ಹೊತ್ತು ಕೊಟ್ಟು ಬಾಗಿಲು ತೆಗೆದ.